ಒಂದೇ ನೋಟ್‌ಬುಕ್ಕಿನಲ್ಲಿ ಪ್ರಾರ್ಥನೆ, ಲೆಕ್ಕ

ನಮ್ಮ ಮನೆಯಲ್ಲಿ ಪ್ರಾರ್ಥನೆಗೂ ಖರ್ಚಿನ ಲೆಕ್ಕಕ್ಕೂ ಒಂದೇ ನೋಟ್‌ಬುಕ್. ಎಡಗಡೆ ಪುಟದಲ್ಲಿ ಏನು ಬೇಕು, ಎಷ್ಟರೊಳಗೆ ಬೇಕು. ಬಲಗಡೆ ಏನು ಬಂತು, ಯಾರ ಕೈಯಿಂದ ಬಂತು. ಯಜಮಾನರ ಕೆಲಸ ಹೋದ ಮೇಲೆ ಶುರುವಾದ ರೂಢಿ. ಅಲ್ಲಿಯವರೆಗೆ ನನ್ನ ಪ್ರಾರ್ಥನೆಯೆಲ್ಲ ‘ಕರ್ತನೇ, ಮುಂದೇನು ಗತಿ’ ಅನ್ನುವುದರಲ್ಲೇ ಮುಗಿಯುತ್ತಿತ್ತು. ಬರೆಯಲು ಕೂತಾಗ ಗೊತ್ತಾಯಿತು: ನಾನು ಹೆದರುತ್ತಿದ್ದದ್ದು ಮುಂದಿನ ಹತ್ತು ವರ್ಷಕ್ಕೆ; ಆ ವಾರಕ್ಕೆ ನಿಜವಾಗಿ ಬೇಕಿದ್ದದ್ದು ಬಾಡಿಗೆ, ಮಗಳ ಫೀಸು, ಅತ್ತೆಯ ಮಾತ್ರೆ, ಅಷ್ಟೇ.

ಯೇಸು ಕಲಿಸಿದ ಪ್ರಾರ್ಥನೆಯೂ ಹೊಟ್ಟೆಪಾಡಿಗೆ ಅಂತ ಈ ಹೊತ್ತಿನ ಆಹಾರಕ್ಕಿಂತ ಹೆಚ್ಚೇನೂ ಕೇಳುವುದಿಲ್ಲ. ಆ ದಿನಗಳಲ್ಲಿ ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಅವತ್ತಿನದು ಅವತ್ತಿಗೇ. ಬೆಳಗಿನವರೆಗೆ ಎತ್ತಿಟ್ಟದ್ದು ಹುಳಬಿದ್ದು ನಾರಿತು. ಆದರೆ ಆರನೆಯ ದಿನ, ಮರುದಿನದ ವಿಶ್ರಾಂತಿಗೂ ಸೇರಿಸಿ, ಎರಡರಷ್ಟು ಕೂಡಿಸಿಕೊಳ್ಳಲು ಹೇಳಿದವನೂ ಅದೇ ದೇವರು. ಹಾಗಾಗಿ ಉಳಿತಾಯ ಮಾಡುವುದೇ ಅಪನಂಬಿಕೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೊಂದು, ಮನ್ನ ಡೇರೆಯೊಳಗೆ ಬಂದು ಬೀಳಲಿಲ್ಲ. ಬಿಸಿಲೇರುವ ಮುಂಚೆ ಹೊರಗೆ ಹೋಗಿ ಕೂಡಿಸಬೇಕಿತ್ತು. ಯಜಮಾನರು ದಿನಾ ಬೆಳಿಗ್ಗೆ ಅರ್ಜಿ ಕಳಿಸಿ ಆದ ಮೇಲೆಯೇ ನಾವು ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದೆವು.

ಕಷ್ಟವನ್ನು ಜನರಿಗೆ ಹೇಳಬೇಕೋ ಬೇಡವೋ ಅನ್ನುವುದೇ ನಮಗೆ ದೊಡ್ಡ ಪ್ರಶ್ನೆಯಾಗಿತ್ತು. 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆ ತೆರೆದ ಜಾರ್ಜ್ ಮುಲ್ಲರ್ ಮನುಷ್ಯರ ಹತ್ತಿರ ಹಣ ಕೇಳದೆ ದೇವರಲ್ಲಿ ಮಾತ್ರ ಬೇಡಿಕೊಂಡವರು. ಅವರ ಹೆಸರು ಹೇಳಿ ‘ಬಾಯಿ ಬಿಡಬೇಡಿ, ದೇವರಿಗೆ ಗೊತ್ತು’ ಅಂದವರು ನಮ್ಮ ಸಭೆಯಲ್ಲೇ ಇದ್ದರು. ಮುಲ್ಲರ್ ಬಗ್ಗೆ ನನಗೆ ತುಂಬ ಗೌರವ. ಬಂದ ಹಣಕ್ಕೆಲ್ಲ ಅವರು ಇಟ್ಟ ಲೆಕ್ಕದ ಶಿಸ್ತಿನ ಬಗ್ಗೆ ಇನ್ನೂ ಹೆಚ್ಚು. ಆದರೆ ಅದು ಅವರಿಗೆ ಸಿಕ್ಕ ಕರೆ, ಎಲ್ಲರಿಗೂ ಕೊಟ್ಟ ಆಜ್ಞೆಯಲ್ಲ. ಯೆರೂಸಲೇಮಿನ ಬಡವರಿಗಾಗಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರನ್ನು ಕಾಗದ ಬರೆದೇ ಕೇಳಿದ. ಮುಚ್ಚಿಟ್ಟುಕೊಳ್ಳುವುದರಲ್ಲಿ ನಂಬಿಕೆಗಿಂತ ನನ್ನ ಮರ್ಯಾದೆಯ ಚಿಂತೆಯೇ ಜಾಸ್ತಿ ಇತ್ತು ಅನ್ನಿಸಿ, ಒಂದು ಸಂಜೆ ಪ್ರಾರ್ಥನಾ ಕೂಟದಲ್ಲಿ ನೋಟ್‌ಬುಕ್ ತೆರೆದು ಎಡಗಡೆಯ ಸಾಲುಗಳನ್ನು ಓದಿಬಿಟ್ಟೆ. ಧ್ವನಿ ನಡುಗುತ್ತಿತ್ತು. ಆರಾಧನೆಯಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವ ಅಕ್ಕ ಒಬ್ಬರು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಲೇ ಕೇಳಿದರು: “ನಮ್ಮ ಹುಡುಗರಿಗೆ ಗಣಿತ ಹೇಳಿಕೊಡ್ತೀಯಾ? ಪಕ್ಕದ ಮನೆಯವರೂ ಹುಡುಕ್ತಿದ್ದಾರೆ.” ನಾನು ಬೇಡಿಕೊಂಡದ್ದು ಹಣ, ಸಿಕ್ಕಿದ್ದು ಕೆಲಸ. ಬಲಗಡೆ ಪುಟದಲ್ಲಿ ಇದನ್ನು ಬರೆಯಬೇಕೋ ಬೇಡವೋ ಅಂತ ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಬರೆದೆ.

ದೇವರಿಗೆ ಕಾಣಿಕೆಯಾಗಿ ಬಿತ್ತಿದರೆ ನೂರರಷ್ಟು ಹಣ ವಾಪಸ್ ಬರುತ್ತದೆ ಎಂಬ ಬೋಧನೆ ನನಗೆ ಹಿಡಿಸುವುದಿಲ್ಲ. ಒಂದನೆಯ ಅರಸುಗಳು 17ರಲ್ಲಿ ಪ್ರವಾದಿ ಎಲೀಯನಿಗೆ ನೀರು ಕೊಡುತ್ತಿದ್ದ ಹಳ್ಳವೇ ಬತ್ತಿತು. ದೇವರು ತೋರಿಸಿದ ಹಳ್ಳ ಅದು. ಆಮೇಲೆ ಅವನು ಹೋದ ವಿಧವೆಯ ಮನೆಯಲ್ಲಿ ಮಡಕೆಯ ಹಿಟ್ಟು ತೀರಲಿಲ್ಲ, ಮೊಗೆಯ ಎಣ್ಣೆಯೂ ಮುಗಿಯಲಿಲ್ಲ. ಆದರೆ ಮಡಕೆ ತುಂಬಿ ತುಳುಕಿತು ಎಂದು ಎಲ್ಲೂ ಬರೆದಿಲ್ಲ. ನಮಗೆ ಆದದ್ದೂ ಹಾಗೆಯೇ. ಬಾಡಿಗೆ ಕೆಲವು ಸಲ ತಡವಾಯಿತು, ಮನೆ ಮಾಲೀಕರು ಮುಖ ಗಂಟಿಕ್ಕಿದ್ದೂ ಉಂಟು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಈಗ ಯಜಮಾನರಿಗೆ ಕೆಲಸ ಇದೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ನಿಜ ಹೇಳಬೇಕೆಂದರೆ, ಬೇಡಿಕೊಳ್ಳುವುದು ಈಗಲೇ ಕಷ್ಟ. ಹೊಟ್ಟೆ ತುಂಬಿದಾಗ ‘ಯೆಹೋವನು ಯಾರು’ ಅಂದೇನು ಎಂಬ ಹೆದರಿಕೆ ಜ್ಞಾನೋಕ್ತಿ 30ರಲ್ಲಿ ಇದೆಯಲ್ಲ, ಅದು ನನ್ನಂಥವರಿಗೇ ಬರೆದ ಹಾಗಿದೆ. ನೋಟ್‌ಬುಕ್ ಬಿಟ್ಟಿಲ್ಲ. ಎಡಗಡೆ ಪುಟದಲ್ಲಿ ಈಗ ಹೆಚ್ಚಾಗಿ ಬೇರೆಯವರ ಮನೆಯ ಸಾಲುಗಳು. ಅವುಗಳಲ್ಲಿ ಎಷ್ಟೋ ನಮ್ಮ ಕೈಯಿಂದಲೇ ತೀರಬೇಕಾದವು.