ಐಎಂಎಫ್ ಷರತ್ತನ್ನು ಓದುವುದು ಹೇಗೆ? ಶ್ರೀಲಂಕಾದ ಲೆಕ್ಕ ಹಿಡಿದು ನೋಡೋಣ

‘ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಕೊಟ್ಟಿತು, ಕಠಿಣ ಷರತ್ತು ಹಾಕಿತು’ ಎಂಬ ಸುದ್ದಿ ಆಗಾಗ ಬರುತ್ತದೆ. ಆ ಷರತ್ತು ಬಜೆಟ್‌ನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾವೇ ಹುಡುಕಬಹುದು.

1. ಸಾಲಕ್ಕೆ ಮುಂಚಿನ ಕಥೆ ನೋಡಿ. 2019ರ ಕೊನೆಯಲ್ಲಿ ಶ್ರೀಲಂಕಾದ ಗೋಟಬಯ ರಾಜಪಕ್ಸ ಸರ್ಕಾರ ವ್ಯಾಟ್ ಅನ್ನು (ಸರಕು, ಸೇವೆ ಕೊಳ್ಳುವಾಗ ಬೀಳುವ ತೆರಿಗೆ) ಶೇ 15ರಿಂದ ಶೇ 8ಕ್ಕೆ ಇಳಿಸಿತು. ಹಿಂದೆಯೇ ಕೋವಿಡ್ ಬಂತು, ಪ್ರವಾಸಿಗರ ಡಾಲರ್ ನಿಂತಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲು ಆಗುವುದಿಲ್ಲ ಎಂದು ದೇಶ ಕೈಚೆಲ್ಲಿತು.

2. ಮೊತ್ತ ಬಿಡಿ, ಕಂತು ನೋಡಿ. 2023ರ ಮಾರ್ಚ್‌ನಲ್ಲಿ ಮಂಜೂರಾಗಿದ್ದು ನಾಲ್ಕು ವರ್ಷಕ್ಕೆ ಸುಮಾರು 300 ಕೋಟಿ ಡಾಲರ್. ಮೊದಲು ಕೈಗೆ ಬಂದಿದ್ದು ಸುಮಾರು 33 ಕೋಟಿ ಮಾತ್ರ. ಮನೆ ಕಟ್ಟುವ ಸಾಲದ ಹಾಗೆ, ಆದ ಕೆಲಸ ತೋರಿಸಿದರೇನೇ ಮುಂದಿನ ಕಂತು. ಎಷ್ಟೋ ಕೆಲಸ ಮಂಜೂರಾತಿಗೆ ಮೊದಲೇ ಆಗಬೇಕು. ವಿದ್ಯುತ್ ದರ 2022ರ ಆಗಸ್ಟ್‌ನಲ್ಲಿ ಶೇ 75ರಷ್ಟು, 2023ರ ಫೆಬ್ರುವರಿಯಲ್ಲಿ ಮತ್ತೆ ಶೇ 66ರಷ್ಟು ಏರಿದ್ದು ಸುಮ್ನೆ ಅಲ್ಲ.

3. ಆ ಒಂದು ಅಂಕಿ ಹುಡುಕಿ. ಸಾಲದ ಬಡ್ಡಿ ಬಿಟ್ಟು ಉಳಿದ ಖರ್ಚಿಗಿಂತ ಆದಾಯ ಎಷ್ಟು ಜಾಸ್ತಿ ಇರಬೇಕು? ಇದಕ್ಕೆ ಪ್ರಾಥಮಿಕ ಹೆಚ್ಚುವರಿ ಎನ್ನುತ್ತಾರೆ. ಶ್ರೀಲಂಕಾಕ್ಕೆ 2025ರ ಹೊತ್ತಿಗೆ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ ಮೌಲ್ಯ) ಶೇ 2.3 ಎಂದು ಗುರಿ ಕೊಟ್ಟರು. ಮುಖ್ಯ ಷರತ್ತು ಇದೇ. ಮಿಕ್ಕ ಷರತ್ತುಗಳು ಬಹುತೇಕ ಇಲ್ಲಿಗೆ ಬಂದು ಮುಟ್ಟುವ ದಾರಿಗಳು.

4. ಯಾರ ಜೇಬಿನಿಂದ ಹೋಯಿತು? ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಲ್ಲಿ. 2024ರ ಜನವರಿಯಲ್ಲಿ ವ್ಯಾಟ್ ಶೇ 18 ಆಯಿತು. ಅಲ್ಲಿಯವರೆಗೆ ವಿನಾಯಿತಿ ಇದ್ದ ಅಡುಗೆ ಅನಿಲ, ಪೆಟ್ರೋಲ್ ಕೂಡ ಅದರೊಳಗೆ ಬಂದವು. ಆದಾಯ ತೆರಿಗೆಯ ಗರಿಷ್ಠ ದರ ಶೇ 36ಕ್ಕೆ ಏರಿದಾಗ ವೈದ್ಯರು, ಪ್ರಾಧ್ಯಾಪಕರು, ಬ್ಯಾಂಕ್ ನೌಕರರು ಮುಷ್ಕರ ಹೂಡಿದರು. 2025ಕ್ಕೆ ಬರಬೇಕಿದ್ದ ಆಸ್ತಿ ತೆರಿಗೆ ಮಾತ್ರ ಮುಂದಕ್ಕೆ ಹೋಯಿತು! ಬೇಗ ದುಡ್ಡು ತೋರಿಸಬೇಕಾದ ಸರ್ಕಾರಕ್ಕೆ ಅಂಗಡಿ ಬಿಲ್ಲಿನಲ್ಲಿ ತೆರಿಗೆ ಹಾಕುವುದೇ ಸುಲಭ. ಬಡವರಿಗೆ ಭಾರ ಬೀಳುವುದೂ ಅಲ್ಲೇ. ಹಾಗಾಗಿ ಎಲ್ಲ ಬೈಗುಳವನ್ನೂ ಐಎಂಎಫ್ ಕಚೇರಿ ಇರುವ ವಾಷಿಂಗ್ಟನ್‌ಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಲಂಬೊಕ್ಕೂ ಒಂದು ಪಾಲು ಸಲ್ಲಬೇಕು, ಅಲ್ವಾ?

5. ಕಡಿಮೆ ಮಾಡಬಾರದ ಖರ್ಚು ಇದೆಯೇ? ಇದೆ. ಬಡವರ ನೆರವಿಗೆ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ಷರತ್ತೂ ಪಟ್ಟಿಯಲ್ಲಿತ್ತು. 2023ರಲ್ಲಿ ‘ಅಸ್ವೆಸುಮ’ ಎಂಬ ನಗದು ನೆರವಿನ ಯೋಜನೆ ಶುರುವಾಯಿತು.

6. ಸರ್ಕಾರ ಬದಲಾದಾಗ ಏನು ಅಲುಗಾಡಿತು ನೋಡಿ. ಷರತ್ತಿನ ಬಗ್ಗೆ ಮತ್ತೆ ಮಾತಾಡುತ್ತೇವೆ ಎಂದ ಅನುರ ಕುಮಾರ ದಿಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. ಶೇ 2.3ರ ಗುರಿ ಇದ್ದಲ್ಲೇ ಇತ್ತು. ಆದರೆ 2025ರ ಏಪ್ರಿಲ್‌ನಿಂದ ಆದಾಯ ತೆರಿಗೆ ಶುರುವಾಗುವ ಮಿತಿ ತಿಂಗಳಿಗೆ 1 ಲಕ್ಷದಿಂದ 1.5 ಲಕ್ಷ ಶ್ರೀಲಂಕಾ ರೂಪಾಯಿಗೆ ಏರಿತು. ಅದೇ ವರ್ಷ ವಾಹನ ಆಮದಿಗೆ ಮತ್ತೆ ಬಾಗಿಲು ತೆರೆದು, ಅದರ ಮೇಲಿನ ತೆರಿಗೆಯಿಂದ ಬೊಕ್ಕಸ ತುಂಬಿಸಿಕೊಂಡರು.