ಕಷ್ಟದ ವರ್ಷದಲ್ಲಿ ಯಾವ ಪುಸ್ತಕ, ಎಷ್ಟು, ಹೇಗೆ

ಮನೆಯಲ್ಲಿ ದೀರ್ಘ ಕಾಯಿಲೆ, ಸಾವು, ಹೋದ ಕೆಲಸ, ಕೈಗೆ ಬಾರದ ಬೆಳೆ. ಇಂಥ ವರ್ಷದಲ್ಲಿ ಓದುವ ಮಂದಿಯೂ ಪುಸ್ತಕ ಕೆಳಗಿಡುತ್ತಾರೆ. ನಿದ್ದೆಗೆಟ್ಟು, ಚಿಂತೆ ತುಂಬಿಕೊಂಡ ತಲೆಯಲ್ಲಿ ಹಿಂದಿನ ಸಾಲು ನಿಲ್ಲುವುದಿಲ್ಲ. ಅದೇ ಪ್ಯಾರಾ ನಾಲ್ಕು ಸಲ ಓದಿದರೂ ಏನೂ ಇಳಿಯುವುದಿಲ್ಲ. ಹಾಗಾಗಿ ಪುಸ್ತಕ ಆರಿಸುವಾಗ ಪ್ರಶಸ್ತಿ, ಹೆಸರು ಬದಿಗಿಡಿ. ಒಂದು ಸಲ ಕೂತಾಗ ಓದಿ ಮುಗಿಸಬಹುದಾದ ತುಂಡು ಎಷ್ಟು ಉದ್ದ ಇದೆ, ಅದನ್ನು ನೋಡಿ.

ಚೀಲದಲ್ಲಿ ಮೂರು ಪುಸ್ತಕ ಇರಲಿ, ಹೆಚ್ಚು ಬೇಡ. ಧಾರವಾಡದ ಸುಭಾಸ ರಸ್ತೆಗೆ ಹೋಗಿ ಒಮ್ಮೆಲೇ ಹತ್ತು ಕೊಂಡು ತಂದರೆ ಆ ರಾಶಿಯೇ ದಿನಾ ಚುಚ್ಚತೊಡಗುತ್ತದೆ. ಒಂದು, ಹತ್ತು ಸಾಲಿನೊಳಗೆ ಮುಗಿಯುವಂಥದ್ದು: ವಚನಗಳು, ಸರ್ವಜ್ಞನ ತ್ರಿಪದಿ. ಎರಡನೆಯದು, ಹಿಂದೆ ಓದಿ ಮೆಚ್ಚಿದ್ದು. ಕತೆ ಗೊತ್ತಿರುವುದರಿಂದ ನಡುವೆ ಡಾಕ್ಟರ್ ಕರೆದರೂ ಎಳೆ ತಪ್ಪುವುದಿಲ್ಲ. ಕಷ್ಟಕಾಲಕ್ಕೆ ಇದಕ್ಕಿಂತ ಒಳ್ಳೆಯ ಓದು ಇಲ್ಲ. ಮೂರನೆಯದು ಹೊಸದಿರಲಿ, ಆದರೆ ತೆಳ್ಳಗಿರಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ಹೇಳಿ ಮಾಡಿಸಿದಂತಿದೆ: ಹಾರುವ ಓತಿಯ ಬೆನ್ನು ಹತ್ತಿದವರ ಜೊತೆ ಓದುವವರೂ ಕಾಡಿಗೆ ಇಳಿದುಬಿಡುತ್ತಾರೆ. ಸ್ವಲ್ಪ ದೊಡ್ಡದು ಓದಬಲ್ಲವರು ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಹಿಡಿಯಬಹುದು. 2011ರಲ್ಲಿ ಧಾರವಾಡದ್ದೇ ಆದ ಮನೋಹರ ಗ್ರಂಥಮಾಲೆ ಪ್ರಕಟಿಸಿದ್ದು. ಹಳೆಯ ಧಾರವಾಡ ಅದರಲ್ಲಿ ಓಡಾಡುತ್ತದೆ.

ಅಳತೆ: ದಿನಕ್ಕೆ ಹತ್ತು ಪುಟ ಅಥವಾ ಇಪ್ಪತ್ತು ನಿಮಿಷ, ಯಾವುದು ಮೊದಲು ಮುಗಿಯುತ್ತದೋ ಅಷ್ಟು. ಒಂದು ಪ್ಯಾರಾ ಇಳಿಯದಿದ್ದರೆ ಒಮ್ಮೆ ಮಾತ್ರ ಹಿಂದೆ ಹೋಗಿ. ಎರಡನೆಯ ಸಲವೂ ಆಗಲಿಲ್ಲವೆಂದರೆ ಅದನ್ನೇ ತುಟಿ ಆಡಿಸಿ, ಸಣ್ಣ ದನಿಯಲ್ಲಿ ಓದಿ. ಕಿವಿಯೂ ಕೆಲಸಕ್ಕೆ ಇಳಿದಾಗ ಗಮನ ಅಷ್ಟು ಬೇಗ ಜಾರುವುದಿಲ್ಲ. ಆಗಲೂ ಆಗದಿದ್ದರೆ ಆ ಹೊತ್ತಿಗೆ ವಚನ ತೆಗೆಯಿರಿ.

ಹಾಸಿಗೆ ಹಿಡಿದ ಹಿರಿಯರಿಗೆ ಓದಿ ಹೇಳುವುದಾದರೆ ಗದುಗಿನ ಭಾರತವೇ ಸೈ. ಕುಮಾರವ್ಯಾಸ ಹುಬ್ಬಳ್ಳಿ ಹತ್ತಿರದ ಕೋಳಿವಾಡದವನು. ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನೆಂದು ಜನ ಇಂದಿಗೂ ಕಂಬ ತೋರಿಸುತ್ತಾರೆ. ಓದುವ ಕ್ರಮ ಗೊತ್ತಿಲ್ಲದೆ ಬಹಳ ಮಂದಿ ಮೊದಲ ಪುಟದಲ್ಲೇ ಮುಗ್ಗರಿಸುತ್ತಾರೆ. ಅದು ಇರುವುದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಅದರ ನಡಿಗೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಮಾತ್ರೆ ಎಂದರೆ ಅಕ್ಷರ ನುಡಿಯುವ ಕಾಲದ ಅಳತೆ: ಗಿಡ್ಡಕ್ಕೆ (ಲಘು) ಒಂದು, ಉದ್ದಕ್ಕೆ (ಗುರು) ಎರಡು. ನಾಂದಿ ಪದ್ಯ ನೋಡಿ: ಶ್ರೀವ | ನಿತೆಯರ | ಸನೆವಿ | ಮಲರಾ. ಮುಂದಿನ ಸಾಲು ಜೀವ | ಪೀಠನ | ಪಿತನೆ | ಜಗಕತಿ. ‘ರಾಜೀವ’ ಎಂಬ ಪದವೇ ಸಾಲಿನ ಅಂಚಿನಲ್ಲಿ ಒಡೆದಿದೆ! ಸಾಲು ಮುಗಿಯಿತೆಂದು ಅಲ್ಲಿ ನಿಂತರೆ ಅರ್ಥವೂ ಹೋಯಿತು, ತಾಳವೂ ಹೋಯಿತು. 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಉದ್ದ, ಕೊನೆಯ ಗುರು ಸೇರಿ 23. ಆ ಎರಡು ಸಾಲಿನ ತುದಿಯಲ್ಲಿ ಮಾತ್ರ ಪೂರ್ತಿ ಉಸಿರು ತೆಗೆದುಕೊಳ್ಳಿ. ತೊಡೆಯ ಮೇಲೆ ಬೆರಳಿನಿಂದ ಪೆಟ್ಟು ಹಾಕುತ್ತ ನಾಲ್ಕು ಪದ್ಯ ಓದಿದರೆ ಐದನೆಯದು ತಾನಾಗಿ ಬರುತ್ತದೆ.

ಮೊದಲ ಪರ್ವದಿಂದ ಹಟ ಹಿಡಿದು ಶುರು ಮಾಡಬೇಕಿಲ್ಲ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಎತ್ತಿಕೊಳ್ಳಿ: ಹೆಂಗಸರ ಮುಂದೆ ಕೊಚ್ಚಿಕೊಂಡವನು ಕೌರವ ಸೇನೆ ಕಂಡೊಡನೆ ರಥದಿಂದ ಹಾರುವ ಭಾಗ. ನಗಲಾರದ ಮನೆಯಲ್ಲೂ ನಗು ಬರುತ್ತದೆ. ಒಂದು ಸಲಕ್ಕೆ ಹತ್ತು-ಹನ್ನೆರಡು ಪದ್ಯ ಸಾಕು. ನಡುನಡುವೆ “ಅಜ್ಜಾ, ಮುಂದ ಓದ್ಲೋ, ಸಾಕೋ?” ಎಂದು ಕೇಳಿ, ದಣಿದವರು ತಾವಾಗಿ ಹೇಳುವುದಿಲ್ಲ. ಇಡೀ ಗ್ರಂಥ ಭಾರ, ಕೈ ಸೋಲುತ್ತದೆ. ಬೇಕಾದ ಸಂಧಿಯಷ್ಟನ್ನೇ (ಅಧ್ಯಾಯ) ಝೆರಾಕ್ಸ್ ಮಾಡಿಸಿ. ಎ4 ಅಳತೆಯನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ ಸುಮಾರು 1.4 ಪಟ್ಟು ದೊಡ್ಡದಾಗುತ್ತದೆ. ಕನ್ನಡಕದ ನಂಬರ್ ಬದಲಾದ ಹಿರಿಯರು ತಾವೇ ಹಿಡಿದು ಓದಬಹುದು.

ಈಗ ಬೇಡದವು. ಭೈರಪ್ಪನವರ ‘ಗೃಹಭಂಗ’ ದೊಡ್ಡ ಕಾದಂಬರಿ, ಆದರೆ ಅದರಲ್ಲಿ ಪ್ಲೇಗು ಮನೆಯ ಮಕ್ಕಳನ್ನು ಒಯ್ಯುತ್ತದೆ. ಸಾವು ಕಂಡ ಮನೆಗೆ ಆ ವರ್ಷ ಅದು ಬೇಡ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಗೆಯೇ: ಕೂಸನ್ನು ಕಳೆದುಕೊಳ್ಳುವ ತಂದೆ-ತಾಯಿಯ ಸಂಕಟ. ಕೆಲವರಿಗೆ ಅದು ಅಳು ಬಿಡಿಸಿ ಹಗುರ ಮಾಡುತ್ತದೆ, ಕೆಲವರಿಗೆ ಆ ದಿನವೇ ಕುಸಿಯುತ್ತದೆ. ಅವರಾಗಿ ಕೇಳಿದರೆ ಕೊಡಿ, ನೀವಾಗಿ ಓದಬೇಡಿ. ಸತ್ತವರ ದಿನಕರ್ಮಕ್ಕೆ ಹೋದವರು ಪುಸ್ತಕ ಕೊಟ್ಟು ಬಂದರೆ, “ಓದಿದ್ರೇನು?” ಎಂದು ಆಮೇಲೆ ವಿಚಾರಿಸಬಾರದು.

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ದಿನಾ ಆಸ್ಪತ್ರೆಗೆ ಹೋಗಿಬರುವವರಿಗೆ, ಓದಿದರೆ ತಲೆ ಸುತ್ತುವಂತಿದ್ದರೆ, ಕೇಳುವುದೇ ಮೇಲು. ಶರೀಫರ ತತ್ವಪದ, ಗಮಕ ವಾಚನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಂಡಿರಿ.

ಒಂದೇ ಒಂದು ಎಚ್ಚರ. ಎರಡು ವಾರ ಮೀರಿ ನಿದ್ದೆ, ಊಟ, ಓದು ಮೂರೂ ಕೈಬಿಟ್ಟಿದ್ದರೆ ಪುಸ್ತಕ ಬದಲಿಸುತ್ತ ಕೂರಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವರ್ಷದ ಮೆಚ್ಚಿನ ಪುಸ್ತಕಗಳ ಪಟ್ಟಿ ಮಾಡುವವರು ಡಿಸೆಂಬರಿನವರೆಗೆ ಕಾಯಬಾರದು. ಇಂಥ ವರ್ಷದ ನೆನಪು ಕಲಸಿಹೋಗುತ್ತದೆ. ಓದಿದ ದಿನವೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು, ಓದಿದ ಜಾಗ, ಮನಸ್ಸಿಗೆ ಹತ್ತಿದ ಒಂದು ಸಾಲು ಬರೆಯಿರಿ. ಒಂದನೆಯದು, ಎರಡನೆಯದು ಎಂದು ಸ್ಥಾನ ಕೊಡಬೇಡಿ. ಅರ್ಧಕ್ಕೆ ಬಿಟ್ಟಿದ್ದನ್ನೂ ಪುಟದ ಸಂಖ್ಯೆ ಹಾಕಿ ಬರೆದಿಡಿ. ಮತ್ತೆ ಹಿಡಿಯುವಾಗ ಅಲ್ಲಿಂದ ಹತ್ತು ಪುಟ ಹಿಂದೆ ಸರಿದು ಶುರು ಮಾಡಿ.