ಮಿದುವೂ ಮೊನಚೂ ಇರುವ ಮೈಕಟ್ಟಿಗೆ ನಾನು ಉಡುಪು ಹೊಂದಿಸಿಕೊಂಡ ಬಗೆ

ನನ್ನ ಭುಜಗಳು ಅಗಲ, ಅವುಗಳ ಮೂಳೆಯ ತುದಿ ಬಟ್ಟೆಯ ಮೇಲಿನಿಂದಲೂ ಎದ್ದು ಕಾಣುತ್ತದೆ. ದವಡೆಯ ಗೆರೆ ನೇರ, ಮೂಗು ಚೂಪು. ಆದರೆ ಎದೆ, ಸೊಂಟದ ಕೆಳಭಾಗ ಮತ್ತು ರಟ್ಟೆಗಳು ದುಂಡಗಿವೆ. ಕಣ್ಣು ದೊಡ್ಡವು, ಕೆನ್ನೆ ತುಂಬಿಕೊಂಡಿದೆ. ಎಲುಬಿನ ಚೌಕಟ್ಟು ಮೊನಚಾಗಿದ್ದು ಅದರ ಮೇಲಿನ ಮೈ ಮಿದುವಾಗಿರುವ ಇಂಥವರಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಎರಡು ಬಗೆಯವು. ನೆರಿಗೆ, ಲೇಸು, ತಿಳಿಬಣ್ಣಗಳಿಂದ ಭುಜದ ಬಿರುಸನ್ನು ಮರೆಮಾಡಿ ಎನ್ನುವುದು ಒಂದು. ನೇರ ಗೆರೆಯ ದಪ್ಪ ಬಟ್ಟೆ ತೊಟ್ಟು ದುಂಡುತನವನ್ನು ಅಡಗಿಸಿ ಎನ್ನುವುದು ಇನ್ನೊಂದು. ಎರಡೂ ನನ್ನಲ್ಲಿ ಅರ್ಧವನ್ನು ಅಳಿಸಿಹಾಕುವ ಸಲಹೆಗಳೇ. ನನಗೆ ಬೇಕಾಗಿದ್ದದ್ದು ಎರಡೂ ಪೂರ್ತಿಯಾಗಿ ಕಾಣುವ ಉಡುಪು. ಅದಕ್ಕೆ ನಾನು ಕಂಡುಕೊಂಡ ದಾರಿ ಇದು: ಮೊನಚನ್ನು ಮೊನಚಾಗಿಯೇ, ಮಿದುವನ್ನು ಮಿದುವಾಗಿಯೇ ಉಳಿಸಬೇಕು, ಯಾವುದು ಎಲ್ಲಿರಬೇಕು, ಅವೆರಡೂ ಎಲ್ಲಿ ಸಂಧಿಸಬೇಕು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು.

ಮೈಕಟ್ಟನ್ನೂ ಮುಖದ ಗೆರೆಗಳನ್ನೂ ನೋಡಿ ಉಡುಪಿನ ಶೈಲಿಯನ್ನು ಗುರುತಿಸುವ ಪದ್ಧತಿ ಹೊಸದೇನಲ್ಲ. ಯಿನ್ ಮತ್ತು ಯಾಂಗ್ ಎಂಬ ಚೀನೀ ಚಿಂತನೆಯ ಜೋಡಿಯನ್ನು ಅಮೆರಿಕದ ಬೆಲ್ ನಾರ್ತ್‌ರಪ್ 1930ರ ದಶಕದಲ್ಲಿಯೇ ಉಡುಪಿನ ವಿಚಾರಕ್ಕೆ ತಂದಿದ್ದರು. 1987ರಲ್ಲಿ ಅಮೆರಿಕದ ಶೈಲಿ ಸಲಹೆಗಾರ ಡೇವಿಡ್ ಕಿಬ್ಬಿ ಅದೇ ಜೋಡಿಯನ್ನು ಆಧರಿಸಿ 13 ಬಗೆಗಳನ್ನು ಹೆಸರಿಸಿದರು. ಉದ್ದ, ಕೋನ, ಬಿರುಸು ಯಾಂಗ್ ಕಡೆಯವು. ದುಂಡು, ಚಿಕ್ಕದು, ಮಿದು ಯಿನ್ ಕಡೆಯವು. ಈ ವಿಂಗಡಣೆಯಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ವಿಚಾರವೆಂದರೆ, ಎರಡು ಗುಣಗಳು ಒಬ್ಬರಲ್ಲಿಯೇ ಇರುವುದಕ್ಕೆ ಒಂದಕ್ಕಿಂತ ಹೆಚ್ಚು ರೀತಿಗಳಿವೆ ಎಂಬುದು. ಕ್ಲಾಸಿಕ್ ಎಂದು ಕರೆಯುವ ಬಗೆಯಲ್ಲಿ ಎರಡೂ ಒಂದರಲ್ಲೊಂದು ಕರಗಿ, ಯಾವುದೂ ಎದ್ದು ಕಾಣದ ಸಮತೋಲವಿರುತ್ತದೆ. ಗಮೀನ್ ಎಂಬ ಬಗೆಯಲ್ಲಿ ಎರಡೂ ಕರಗದೆ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಸಾಫ್ಟ್ ಡ್ರಮ್ಯಾಟಿಕ್ ಎಂಬುದರಲ್ಲಿ ಉದ್ದನೆಯ, ಕೋನಗಳಿರುವ ಚೌಕಟ್ಟಿನ ಮೇಲೆ ದುಂಡುತನ ಧಾರಾಳವಾಗಿ ಬಂದಿರುತ್ತದೆ. ನಾನು ಈ ಮೂರನೆಯದಕ್ಕೆ ಹತ್ತಿರ. ಹೆಸರು ಯಾವುದೇ ಇರಲಿ, ನನ್ನಲ್ಲಿರುವ ಎರಡು ಗುಣಗಳು ಕರಗಿ ಒಂದಾಗಿಲ್ಲ ಎಂಬುದು ಖಚಿತವಾದ ಮೇಲೆ, ಅರೆಮಿದು ಅರೆಬಿರುಸಿನ ಉಡುಪುಗಳು ನನ್ನ ಮೇಲೆ ಏಕೆ ಮಂಕಾಗಿ ಕಾಣುತ್ತಿದ್ದವೆಂಬುದು ಅರ್ಥವಾಯಿತು.

ಮೈಯನ್ನು ನೋಡಿಕೊಳ್ಳುವ ಕೆಲಸಕ್ಕೆ ಕನ್ನಡಿಯನ್ನು ನಂಬಲಿಲ್ಲ, ಛಾಯಾಚಿತ್ರ ತೆಗೆದೆ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಕ್ಯಾಮೆರಾ ತೀರಾ ಹತ್ತಿರವಿದ್ದರೆ ಅದಕ್ಕೆ ಸಮೀಪದ ಭಾಗ ಹಿಗ್ಗಿ ಉಳಿದದ್ದು ಕುಗ್ಗಿ ಕಾಣುತ್ತದೆ. ಮುಖದ ಎತ್ತರದಲ್ಲಿ ಹಿಡಿದರೆ ಕಾಲು ಗಿಡ್ಡವಾಗುತ್ತದೆ. ಆದ್ದರಿಂದ ಫೋನನ್ನು ಎದೆಗಿಂತ ಸ್ವಲ್ಪ ಕೆಳಗೆ ಸ್ಟ್ಯಾಂಡಿನ ಮೇಲಿಟ್ಟು, ಮೂರು ಮೀಟರಿನಷ್ಟು ದೂರ ನಿಂತು, ಮೈಗಂಟುವ ಒಂದೇ ಬಣ್ಣದ ಉಡುಪಿನಲ್ಲಿ ಟೈಮರ್ ಇಟ್ಟು ಚಿತ್ರ ತೆಗೆದುಕೊಂಡೆ. ಅನಂತರ ಆ ಚಿತ್ರದ ಮೇಲೆ ಹೊರಗೆರೆಯನ್ನು ಮಾತ್ರ ಎಳೆದೆ. ಕತ್ತಿನಿಂದ ಭುಜದ ತುದಿಯವರೆಗೆ ಗೆರೆ ನೇರವಾಗಿ ಸಾಗಿ, ಅಲ್ಲಿ ಥಟ್ಟನೆ ಕೆಳಕ್ಕೆ ತಿರುಗುತ್ತಿತ್ತು. ಕಂಕುಳಿನಿಂದ ಕೆಳಗೆ ಮಾತ್ರ ಎಲ್ಲಿಯೂ ನೇರವಾಗಿ ನಿಲ್ಲದೆ ಹೊರಗೂ ಒಳಗೂ ಬಳುಕುತ್ತಿತ್ತು. ಮೊನಚು ಮೇಲೆ, ಮಿದು ಕೆಳಗೆ ಎಂಬ ನಕ್ಷೆ ಕಾಗದದ ಮೇಲೆಯೇ ಸಿಕ್ಕಿತು. ಬೇರೆಯವರಲ್ಲಿ ಇದು ತಿರುಗುಮುರುಗಾಗಿರಬಹುದು: ಇಳಿಭುಜದ, ದುಂಡುಮುಖದ ಕೆಲವರಿಗೆ ಸೊಂಟದಿಂದ ಕೆಳಗೆ ಉದ್ದನೆಯ ನೇರ ಕಾಲುಗಳಿರುತ್ತವೆ. ಅಂಥವರು ನಾನು ಮುಂದೆ ಹೇಳುವುದನ್ನು ಕೆಳಗುಮೇಲು ಮಾಡಿ ಓದಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ಭುಜದ ಹೊಲಿಗೆಗೆ. ತೋಳು ಮೈಗೆ ಕೂಡುವ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿಯೇ ಕೂತರೆ ಚೌಕಟ್ಟು ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಅದು ಒಂದು ಸೆಂಟಿಮೀಟರು ಒಳಗೆ ಸರಿದರೆ ಉಡುಪು ಬಿಗಿದಂತೆ, ಭುಜ ಇನ್ನೂ ದೊಡ್ಡದಾದಂತೆ ತೋರುತ್ತದೆ. ಹೊರಗೆ ಜಾರಿ ರಟ್ಟೆಯ ಮೇಲೆ ಬಿದ್ದರೆ ನೋಡುವವರ ಕಣ್ಣು ಮೈಯ ಅತಿ ದುಂಡಾದ ಜಾಗದಲ್ಲಿ ಹೊಲಿಗೆಯನ್ನು ಕಾಣುತ್ತದೆ, ಮೊನಚು ಮಾಯವಾಗಿ ಭಾರ ಮಾತ್ರ ಉಳಿಯುತ್ತದೆ. ಆದ್ದರಿಂದ ಜಾಕೆಟ್ ಕೊಳ್ಳುವಾಗ ಉಳಿದ ಅಳತೆಗಳನ್ನು ಬಿಟ್ಟು ಭುಜವನ್ನೊಂದೇ ನೋಡುತ್ತೇನೆ. ಸೊಂಟದ ಬಳಿ ಹಿಡಿಸುವುದು, ತೋಳಿನ ಉದ್ದ ಇಳಿಸುವುದು ದರ್ಜಿಗೆ ಸಣ್ಣ ಕೆಲಸ. ಭುಜವನ್ನು ಬದಲಿಸುವುದೆಂದರೆ ತೋಳು, ಲೈನಿಂಗ್, ಕೆಲವೊಮ್ಮೆ ಕಾಲರನ್ನೂ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಭುಜದೊಳಗಿನ ಪ್ಯಾಡ್ ತೆಳುವಾಗಿರಲಿ ಎಂದು ಕೇಳುತ್ತೇನೆ, ಏಕೆಂದರೆ ಪ್ಯಾಡ್ ಮಾಡಬೇಕಾದ ಕೆಲಸವನ್ನು ನನ್ನ ಮೂಳೆಯೇ ಮಾಡುತ್ತದೆ. 1970ರ ದಶಕದಲ್ಲಿ ಇಟಲಿಯ ಉಡುಪು ವಿನ್ಯಾಸಕ ಜಾರ್ಜಿಯೋ ಅರ್ಮಾನಿ ಜಾಕೆಟ್ಟಿನೊಳಗಿನ ಪ್ಯಾಡು ಮತ್ತು ಬಿರುಸಾದ ಒಳಪದರಗಳನ್ನು ತೆಗೆದು, ಬಟ್ಟೆ ಮೈಯ ಮೇಲೆ ತಾನಾಗಿ ಇಳಿಯುವಂತೆ ಮಾಡಿದರು. ಆ ಬಗೆಯ ಜಾಕೆಟ್ಟು ಎಲುಬಿನ ಚೌಕಟ್ಟು ಗಟ್ಟಿಯಿರುವವರ ಮೇಲೆ ಬಹಳ ಚೆನ್ನಾಗಿ ಕೂರುತ್ತದೆ ಎಂಬುದು ನನ್ನ ಅನುಭವ. ಕಾಲರ್ ಮತ್ತು ಲ್ಯಾಪೆಲ್ಲಿನ (ಕಾಲರಿನ ಕೆಳಗೆ ಎದೆಯ ಮೇಲೆ ಹೊರಕ್ಕೆ ಮಡಚಿದ ಭಾಗದ) ತುದಿ ಮಾತ್ರ ಚೂಪಾಗಿಯೇ ಇರಬೇಕು, ಒಳಗೆ ಬಕ್ರಮ್ ಎಂಬ ಬಿರುಸು ಬಟ್ಟೆ ಹಾಕಿಸಿ ಅದು ಸುರುಳಿಗಟ್ಟದಂತೆ ನೋಡಿಕೊಳ್ಳುತ್ತೇನೆ.

ಮಿದುತನ ಬರಬೇಕಾದದ್ದು ಬಟ್ಟೆಯ ಇಳಿತದಿಂದ, ಅಲಂಕಾರದಿಂದಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮಿದು ಎಂದ ಕೂಡಲೇ ಅಂಗಡಿಯವರು ಬಿಲ್ಲೆ, ಬೋ, ಲೇಸುಗಳಿರುವ ಉಡುಪನ್ನು ತೆಗೆದು ಹರಡುತ್ತಾರೆ. ಅಲಂಕಾರ ಹೆಚ್ಚಿರುವ ಬಟ್ಟೆ ಬಹಳ ಸಲ ಮುಟ್ಟಿದರೆ ಬಿರುಸಾಗಿಯೇ ಇರುತ್ತದೆ. ನಾನು ಬಟ್ಟೆಯನ್ನು ಆರಿಸುವ ಕ್ರಮ ಸರಳವಾದದ್ದು: ಒಂದು ಅಂಚನ್ನು ಬೆರಳುಗಳಲ್ಲಿ ಹಿಡಿದು ಉಳಿದದ್ದನ್ನು ತೂಗಾಡಲು ಬಿಡುತ್ತೇನೆ. ಕೆಳಗೆ ಅದು ಕಿರಿದಾದ, ಆಳವಾದ ಮಡಿಕೆಗಳಾಗಿ ಬಿದ್ದರೆ ನನಗಾಗುತ್ತದೆ. ಗಂಟೆಯಂತೆ ಅಗಲವಾಗಿ ಬಿಚ್ಚಿ ನಿಂತರೆ ಆಗುವುದಿಲ್ಲ. ಕ್ರೇಪ್ ಬಟ್ಟೆ ಈ ಪರೀಕ್ಷೆಯಲ್ಲಿ ಯಾವಾಗಲೂ ಗೆಲ್ಲುತ್ತದೆ. ನೂಲನ್ನು ವಿಪರೀತ ಹುರಿಗೊಳಿಸಿ ನೇಯುವುದರಿಂದ ಅದರ ಮೇಲ್ಮೈ ಸಣ್ಣಗೆ ಮುದುರಿ ಹೊಳಪು ಕಡಿಮೆಯಿರುತ್ತದೆ, ತೂಕದಿಂದ ಕೆಳಕ್ಕೆ ಎಳೆದಂತೆ ಇಳಿಯುತ್ತದೆ. ಸ್ಯಾಟಿನ್ ನೇಯ್ಗೆಯಲ್ಲಿ ನೂಲು ಹಲವು ಎಳೆಗಳನ್ನು ದಾಟಿ ಮೇಲೆಯೇ ಹಾಯುವುದರಿಂದ ಬೆಳಕು ನೇರವಾಗಿ ಮರಳಿ ಬರುತ್ತದೆ. ದುಂಡುಭಾಗಗಳ ಮೇಲೆ ಆ ಹೊಳಪು ಬಹಳ ಎದ್ದು ಕಾಣುತ್ತದೆ. ಅದನ್ನು ಸಂಜೆಯ ಉಡುಪಿಗೆ, ಅದೂ ಒಂದೇ ತುಂಡಿಗೆ, ಮೀಸಲಿಟ್ಟಿದ್ದೇನೆ. ಶಿಫಾನ್ ತೀರಾ ಹಗುರ. ನನ್ನ ಭುಜದ ಮೇಲೆ ಅದು ಹಾರಾಡುತ್ತದೆಯೇ ಹೊರತು ಕೂರುವುದಿಲ್ಲ.

ಒಂದು ಮೇಲುಡುಗೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಕಡುಹಸಿರು ಕ್ರೇಪಿನದು, ಕತ್ತಿನ ಮುಂದೆ ಬಟ್ಟೆ ಸಡಿಲವಾಗಿ ಮಡಿಕೆಬಿದ್ದು ಇಳಿಯುವ ಕೌಲ್ ಕತ್ತು. ಅದನ್ನು ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ 45 ಡಿಗ್ರಿ ಓರೆಯಾಗಿ, ದರ್ಜಿಗಳ ಮಾತಿನಲ್ಲಿ ಹೇಳುವುದಾದರೆ ಕ್ರಾಸ್ ಆಗಿ, ಕತ್ತರಿಸಲಾಗಿದೆ. 1920ರ ದಶಕದಲ್ಲಿ ಪ್ಯಾರಿಸಿನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೋನೆ ಈ ಕತ್ತರಿಕೆಯನ್ನು ಇಡೀ ಉಡುಪಿಗೆ ಬಳಸಿ ಹೆಸರಾದರು. ಓರೆಯಾಗಿ ಕತ್ತರಿಸಿದಾಗ ಯಾವ ನೂಲೂ ನೇರವಾಗಿ ತೂಕ ಹೊರುವುದಿಲ್ಲ. ಎರಡೂ ನೂಲುಗಳು ಒಂದರ ಮೇಲೊಂದು ಕತ್ತರಿಯಾಡಿಸಿದಂತೆ ಸರಿಯುವುದರಿಂದ, ಎಲಾಸ್ಟಿಕ್ ಇಲ್ಲದ ಬಟ್ಟೆಯೂ ಹಿಗ್ಗಿ ಮೈಯ ತಿರುವುಗಳನ್ನು ಅನುಸರಿಸುತ್ತದೆ. ಬಟ್ಟೆ ಹೆಚ್ಚು ಬೇಕಾಗುತ್ತದೆ, ಹೊಲಿಯುವಾಗ ಸೂಜಿಯ ಕೆಳಗೆ ಎಳೆದುಕೊಳ್ಳುತ್ತದೆ. ದರ್ಜಿಗೆ ನಾನು ಹೇಳಿಕೊಂಡ ಮಾತುಗಳು ಇಷ್ಟೇ: ಭುಜದ ಹೊಲಿಗೆಯ ಉದ್ದಕ್ಕೂ ಹಿಗ್ಗದ ಪಟ್ಟಿಯೊಂದನ್ನು ಒಳಗೆ ಸೇರಿಸಬೇಕು, ಕೆಳ ಅಂಚನ್ನು ಮಡಿಸುವ ಮುನ್ನ ಉಡುಪನ್ನು ಒಂದು ದಿನ ತೂಗುಹಾಕಿ, ಇಳಿಯುವಷ್ಟು ಇಳಿದ ಮೇಲೆ ಅಂಚನ್ನು ಸಮಮಾಡಬೇಕು. ಮೊದಲನೆಯದರಿಂದ ಭುಜದ ಗೆರೆ ಬಿಗಿಯಾಗಿ ಉಳಿಯಿತು, ಅದರ ಕೆಳಗಿನ ಬಟ್ಟೆಯೆಲ್ಲ ಹರಿಯಿತು. ಮೊನಚೂ ಮಿದುವೂ ಒಂದೇ ಉಡುಪಿನಲ್ಲಿ, ಆದರೆ ಬೇರೆ ಬೇರೆ ಜಾಗಗಳಲ್ಲಿ ಇರುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಈ ಮೇಲುಡುಗೆಯನ್ನೇ ತೋರಿಸುತ್ತೇನೆ.

ಎರಡು ಉಡುಪುಗಳನ್ನು ಜೋಡಿಸುವಾಗಲೂ ಇದೇ ಲೆಕ್ಕ. 1966ರಲ್ಲಿ ಫ್ರಾನ್ಸಿನ ವಿನ್ಯಾಸಕ ಈವ್ ಸೇಂಟ್ ಲಾರೆಂಟ್ ಗಂಡಸರು ಸಂಜೆಯ ಸಮಾರಂಭಗಳಿಗೆ ತೊಡುವ ಟಕ್ಸಿಡೊ ಸೂಟನ್ನು ಹೆಂಗಸರಿಗಾಗಿ ರೂಪಿಸಿ, ನೇರವಾದ ಕರಿಯ ಸೂಟಿನೊಳಗೆ ನೆರಿಗೆಗಳ ಬಿಳಿಯ ಶರಟನ್ನು ಇಟ್ಟರು. ಸೂಟನ್ನು ಅವರು ಮಿದುಗೊಳಿಸಲಿಲ್ಲ, ಶರಟನ್ನು ಬಿರುಸುಗೊಳಿಸಲಿಲ್ಲ. ಎರಡೂ ಸಂಧಿಸುವ ಜಾಗ ಲ್ಯಾಪೆಲ್ಲಿನ ಅಂಚು ಮಾತ್ರ. ನನ್ನ ಜೋಡಿಗಳಲ್ಲಿ ನಾನು ಹುಡುಕುವುದು ಅಂಥ ಒಂದೇ ಒಂದು ಅಂಚನ್ನು. ಕೆಲಸದ ದಿನಗಳಲ್ಲಿ ಅದು ಜಾಕೆಟ್ಟಿನ ತೆರೆದ ಮುಂಭಾಗ: ಹೊರಗೆ ಬಿಗಿಯಾಗಿ ನೇಯ್ದ ಗ್ಯಾಬರ್ಡಿನ್ ಬಟ್ಟೆ, ಒಳಗೆ ಕೌಲ್ ಕತ್ತು. ಜಾಕೆಟ್ ಬೇಡವಾದ ದಿನ ಅದು ಸೊಂಟ: ಮೇಲೆ ಚೂಪು ಕಾಲರಿನ ಗರಿಗರಿ ಶರ್ಟು, ಅಗಲವಾದ ಬೆಲ್ಟು, ಅದರ ಕೆಳಗೆ ಮೊಣಕಾಲು ದಾಟಿ ಇಳಿಯುವ ವಿಸ್ಕೋಸ್ (ರೇಯಾನ್) ಸ್ಕರ್ಟು. ಪಾಲು ಸಮವಾಗಿರಬೇಕೆಂಬ ನಿಯಮ ನನಗಿಲ್ಲ. ಸಮಪಾಲು ಮಾಡಿದರೆ ಕಣ್ಣು ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಅಲೆಯುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ಒಂದು ಗುಣಕ್ಕೆ ಬಿಟ್ಟು, ಉಳಿದ ಒಂದು ಪಾಲನ್ನು ಮುಖಕ್ಕೆ ಹತ್ತಿರವಿಟ್ಟರೆ ಆ ಚಿಕ್ಕ ಪಾಲಿಗೂ ಬೇಕಾದಷ್ಟು ಬಲ ಬರುತ್ತದೆ.

ಹೀಗಾಗಿ ನಾನು ದೂರವಿಟ್ಟ ಉಡುಪುಗಳ ಪಟ್ಟಿ ನೋಡುವವರಿಗೆ ವಿಚಿತ್ರವೆನಿಸಬಹುದು. ಅಂಚಿಗೆ ಫ್ರಿಲ್ ಹಚ್ಚಿದ ಬ್ಲೇಜರ್, ದುಂಡು ಕಾಲರಿನ ಚರ್ಮದ ಜಾಕೆಟ್, ಲೇಸಿನ ತೇಪೆಯಿರುವ ಜೀನ್ಸ್ ಇವೆಲ್ಲ ಮಿದುವನ್ನೂ ಮೊನಚನ್ನೂ ಬೆರೆಸಿದ್ದೆಂದೇ ಮಾರಾಟವಾಗುತ್ತವೆ. ಆದರೆ ಅವುಗಳಲ್ಲಿ ಮೊನಚನ್ನು ಮಿದು ಮೊಂಡಾಗಿಸಿರುತ್ತದೆ, ಮಿದುವನ್ನು ಮೊನಚು ಅಣಕಿಸುವಂತಿರುತ್ತದೆ. ಚರ್ಮದ ಜಾಕೆಟ್ ನನಗೆ ಇಷ್ಟ. ಅದು ಓರೆ ಜಿಪ್ಪಿನ, ಚೂಪು ಲ್ಯಾಪೆಲ್ಲಿನ, ಅಲಂಕಾರವಿಲ್ಲದ ಜಾಕೆಟ್ಟಾಗಿರಬೇಕು, ಒಳಗಿನದು ಧಾರಾಳವಾಗಿ ಇಳಿಯುವ ಬಟ್ಟೆಯಾಗಿರಬೇಕು.

ಸೊಂಟದ ವಿಷಯ ಒಂದಿಷ್ಟು ಸೂಕ್ಷ್ಮ. ದುಂಡುಮೈಯವರು ಸೊಂಟವನ್ನು ಬಿಗಿದು ತೋರಿಸಬೇಕೆಂಬ ಮಾತು ಅರ್ಧ ಸರಿ. ಅಗಲ ಭುಜದ ಕೆಳಗೆ ಸೊಂಟವನ್ನು ಬಿಗಿದು ಕಟ್ಟಿದರೆ ಮೈ ಎರಡು ತುಂಡಾಗಿ, ಉದ್ದದ ಗೆರೆ ಮುರಿಯುತ್ತದೆ. ಆದ್ದರಿಂದ ಜಾಕೆಟ್ಟಿನಲ್ಲಿ ಭುಜದಿಂದ ಎದೆಯ ಮೇಲೆ ಹಾದು ಕೆಳಗಿಳಿಯುವ ಪ್ರಿನ್ಸೆಸ್ ಹೊಲಿಗೆಯನ್ನು ಕೇಳುತ್ತೇನೆ. ಅದು ಡಾರ್ಟಿನ, ಅಂದರೆ ಬಟ್ಟೆಯನ್ನು ಮೈಗೆ ಕೂರಿಸಲು ಹಿಡಿದು ಹೊಲಿಯುವ ಚೂಪು ಮಡಿಕೆಯ, ಕೆಲಸವನ್ನು ತಾನೇ ಮಾಡಿ, ಸೊಂಟವನ್ನು ಒಳಗೆ ತಂದರೂ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಾಗಿ ಉಳಿಯುತ್ತದೆ. ಬೆಲ್ಟು ಕಟ್ಟಿದ ದಿನ ಮೇಲೆ ಕೆಳಗೆ ಒಂದೇ ಬಣ್ಣವಿದ್ದರೆ ಉದ್ದ ಉಳಿಯುತ್ತದೆ. ಕತ್ತಿಗೆ ಆಳವಾದ ವಿ ಆಕಾರವೂ ಸಡಿಲವಾದ ಕೌಲೂ ಹೊಂದುತ್ತವೆ. ಕುತ್ತಿಗೆಗೆ ಅಂಟಿದಂತೆ ಹೊಲಿದ ಉಡುಪಿನ ಪುಟ್ಟ ದುಂಡು ಕತ್ತು ದವಡೆಯನ್ನು ಒರಟಾಗಿಸುತ್ತದೆ.

ಬಣ್ಣದಲ್ಲಿ ಗಾಢವಾದವು, ಅದರಲ್ಲಿಯೂ ದಾಳಿಂಬೆಗೆಂಪು, ಕಡುಹಸಿರು, ಶಾಯಿನೀಲಿ, ನನ್ನ ಎರಡು ಗುಣಗಳನ್ನೂ ಹೊತ್ತುಕೊಳ್ಳುತ್ತವೆ. ಚಿತ್ರಗಳಿರುವ ಬಟ್ಟೆಯಾದರೆ ಚಿತ್ರ ದೊಡ್ಡದಿರಬೇಕು, ಅದರ ಅಂಚು ನೀರಿನಲ್ಲಿ ಕದಡಿದಂತಿರದೆ ಸ್ಪಷ್ಟವಾಗಿರಬೇಕು. ಪುಟ್ಟ ಹೂಗಳ ಅಚ್ಚು ಅಗಲ ಭುಜದ ಮೇಲೆ ಚೆದುರಿಹೋಗುತ್ತದೆ. ಆಭರಣ ಒಂದೇ, ಅದೂ ದೊಡ್ಡದು. ಬಾಗಿದ ಆಕಾರದ ನುಣುಪು ಲೋಹದ ಓಲೆ ನನಗೆ ಸಾಕು. ಮುಂತುದಿ ಚೂಪಾದ ಪಾದರಕ್ಷೆ ಇಳಿಬಟ್ಟೆಯ ಸ್ಕರ್ಟಿನ ಕೆಳಗೆ ಚೆನ್ನಾಗಿ ಹೊಂದುತ್ತದೆ. ಜಾಕೆಟ್ಟು ತೊಟ್ಟ ದಿನ ಕೂದಲನ್ನು ಬಿಡುತ್ತೇನೆ, ಇಳಿಬಟ್ಟೆ ತೊಟ್ಟ ದಿನ ಹಿಂದಕ್ಕೆ ನಯವಾಗಿ ಕಟ್ಟುತ್ತೇನೆ.

ಇಟ್ಟುಕೊಳ್ಳುವ ರೀತಿಯೂ ಎರಡಕ್ಕೆ ಬೇರೆ ಬೇರೆ. ಜಾಕೆಟ್ಟುಗಳಿಗೆ ತುದಿ ದಪ್ಪವಿರುವ ಅಗಲ ಹ್ಯಾಂಗರ್ ಬೇಕು. ತಂತಿಯ ಹ್ಯಾಂಗರಿನಲ್ಲಿ ಭುಜದ ಬಳಿ ಗುಳಿಬಿದ್ದು, ಕಷ್ಟಪಟ್ಟು ಕೂರಿಸಿಕೊಂಡ ಗೆರೆ ಹಾಳಾಗುತ್ತದೆ. ಓರೆಯಾಗಿ ಕತ್ತರಿಸಿದ ಉಡುಪುಗಳನ್ನು ತೂಗುಹಾಕಿದರೆ ತಮ್ಮ ತೂಕದಿಂದ ತಾವೇ ಉದ್ದವಾಗುತ್ತವೆ, ಆದ್ದರಿಂದ ಅವುಗಳನ್ನು ಸಡಿಲವಾಗಿ ಮಡಿಸಿ ಕಪಾಟಿನಲ್ಲಿ ಮಲಗಿಸುತ್ತೇನೆ. ವಿಸ್ಕೋಸ್ ನೂಲು ಒದ್ದೆಯಾದಾಗ ಬಹಳ ದುರ್ಬಲ. ಅದನ್ನು ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸುತ್ತೇನೆ. ಕ್ರೇಪಿಗೆ ಇಸ್ತ್ರಿಯನ್ನು ಒತ್ತಿ ಎಳೆಯುವುದಿಲ್ಲ, ಒಳಮೈಯ ಕಡೆಯಿಂದ ತೆಳುಬಟ್ಟೆ ಹಾಕಿ ಹಬೆ ಕೊಡುತ್ತೇನೆ; ಒತ್ತಿದರೆ ಹುರಿನೂಲು ಚಪ್ಪಟೆಯಾಗಿ, ಬಟ್ಟೆಯ ಇಳಿತ ಕೆಡುತ್ತದೆ. ಕಾಲರಿಗೆ ಮಾತ್ರ ಇಸ್ತ್ರಿಯನ್ನು ತುದಿಯಿಂದ ನಡುವಿನ ಕಡೆಗೆ ಒತ್ತಿಯೇ ಹಾಕುತ್ತೇನೆ.